ಮೂರು ಕೂಗಿಗೆ ಬಂದವನು

ಎಂಟನೆಯ ತಿಂಗಳು, ಹನ್ನೆರಡನೆಯ ದಿನ
ಉತ್ತರ ಗಡಿಯ ಶಿಬಿರ

ಯಾವೊ,

ನಾನು ಸತ್ತಿಲ್ಲ. ಮಿಕ್ಕದ್ದನ್ನು ಓದುವ ಮೊದಲು ಈ ಒಂದು ಸಾಲನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳು.

ಆರನೆಯ ತಿಂಗಳಲ್ಲಿ ಮುನ್ನೂರು ಜನರನ್ನು ಕಟ್ಟಿಕೊಂಡು ಮಹಾಗೋಡೆಯಾಚೆ ಹೋಗಿದ್ದೆ. ಉಪ್ಪುಕೆರೆಯ ಹತ್ತಿರ ಶತ್ರುಗಳ ಕುದುರೆಸವಾರರು ಸುತ್ತುಗಟ್ಟಿದರು. ನಲವತ್ತು ದಿನ ನಮ್ಮ ಸುದ್ದಿ ಶಿಬಿರಕ್ಕೆ ಮುಟ್ಟಲಿಲ್ಲ. ನಮ್ಮ ಗುಮಾಸ್ತ ಮಹಾಶಯನಿಗೆ ಅಷ್ಟು ತಾಳ್ಮೆಯಿಲ್ಲ. ಹದಿನೈದನೆಯ ದಿನಕ್ಕೇ ‘ಸೇನಾಪತಿ ಲುವಾನ್ ಝೆನ್ ಮಡಿದರು, ದೇಹ ಸಿಗಲಿಲ್ಲ’ ಎಂದು ನಿಮಗೆ ಬರೆದು ಕೈತೊಳೆದುಕೊಂಡಿದ್ದಾನೆ. ಹನ್ನೊಂದು ಜನ ಉಳಿದು ಬಂದೆವು. ನೀವೆಲ್ಲ ಸೂತಕದ ಬಟ್ಟೆ ಬಿಚ್ಚಿ, ಮಾಂಸದ ಅಡುಗೆ ಮಾಡಿ ಉಣ್ಣಿ.

ಒಂದು ವಿಚಿತ್ರ ಹೇಳಬೇಕು. ಕಳೆದ ತಿಂಗಳು ಹತ್ತನೆಯ ತಾರೀಖಿನ ಮಧ್ಯಾಹ್ನ, ಕಾದಾಟದ ನಡುವೆ, ಯಾರೋ ದಕ್ಷಿಣದಿಂದ ನನ್ನ ಹೆಸರು ಹಿಡಿದು ಕೂಗಿದರು. ಮೂರು ಸಲ. ಈ ಶಿಬಿರದಲ್ಲಿ ನನ್ನ ಹೆಸರನ್ನು ಬಾಯಲ್ಲಿ ಆಡುವ ಗಂಡೆದೆ ಯಾರಿಗೂ ಇಲ್ಲ. ಹಿಂತಿರುಗಿ ನೋಡಿದೆ. ಗಂಟಲಿಗೆ ನಾಟಬೇಕಿದ್ದ ಬಾಣ ಕಿವಿ ಸವರಿಕೊಂಡು ಹೋಯಿತು. ಬಿಸಿಲು ನೆತ್ತಿಗೇರಿತ್ತು ಅಂದುಕೊಂಡಿದ್ದೇನೆ. ಅಂದಿನಿಂದ ಮೈ ಬಿಸಿಯಾಗುತ್ತಿಲ್ಲ. ನಾನು ಹತ್ತಿದರೆ ಕುದುರೆ ನಡುಗುತ್ತದೆ.

ಮಗಳು ಸುಯಿಯನ್ನು ಕೇಳಿದೆ ಎಂದು ಹೇಳು.

ಉತ್ತರ ಗಡಿಯ ಸೇನಾಪತಿ
ಲುವಾನ್ ಝೆನ್

*

ಒಂಬತ್ತನೆಯ ತಿಂಗಳು, ಮೊದಲ ದಿನ
ಮನೆಯಿಂದ

ನಿಮಗೆ, ನಿಮ್ಮ ಯಾವೊ ಮಾಡುವ ನಮಸ್ಕಾರ.

ನಿಮ್ಮ ಅಕ್ಷರ ನೋಡಿ ಹೊಸ್ತಿಲ ಮೇಲೆಯೇ ಕೂತುಬಿಟ್ಟೆ. ಆ ಗುಮಾಸ್ತ ಸಿಕ್ಕರೆ ಅವನ ಕಿವಿ ಹಿಂಡುವ ಕೆಲಸವನ್ನು ನನಗೇ ಬಿಟ್ಟುಕೊಡಿ.

ಆದರೆ ಇಲ್ಲೊಂದು ಎಡವಟ್ಟಾಗಿದೆ. ಸಾವಿನ ಸುದ್ದಿ ಬಂದ ದಿನ ಅತ್ತೆ ಅಳಲಿಲ್ಲ. “ದೇಹ ಸಿಕ್ಕಿಲ್ಲ ಅಂದ್ರೆ ಮಗ ದಿಕ್ಕಿಲ್ದೆ ಮರಳಲ್ಲಿ ಅಲೀತಿರ್ತಾನೆ. ಏಳು, ಕರೆಯೋರ್ನ ಕರ್ಸು” ಎಂದರು. ಊರಲ್ಲಿ ಆತ್ಮ ಕರೆಯುವವರು ಪಾಂಗಜ್ಜ ತಾನೇ. ಅಜ್ಜ ಮಂಡಿ ಹಿಡಿದುಕೊಂಡು ಬಂದವರು ಮನೆಯ ಛಾವಣಿಯನ್ನು ನೋಡಿ, “ಈ ಕಾಲಲ್ಲಿ ನಾನು ಹತ್ತಿದ್ರೆ ನನ್ನನ್ನೇ ಕರೀಬೇಕಾಗುತ್ತೆ. ಅವರಿಗೆ ಗುರುತಿರೋ ದನಿ ಆದ್ರೆ ಸಾಕು. ನೀನೇ ಹತ್ತು ತಾಯಿ” ಎಂದರು.

ನಾನೇ ಹತ್ತಿದೆ. ಮನೆಯಲ್ಲಿ ನೀವು ತೊಡುತ್ತಿದ್ದ ನೀಲಿ ನಿಲುವಂಗಿ. ಎಡಗೈಯಲ್ಲಿ ಕೊರಳಪಟ್ಟಿ, ಬಲಗೈಯಲ್ಲಿ ನಡು ಹಿಡಿದು, ಉತ್ತರಕ್ಕೆ ಮುಖ ಮಾಡಿ, ಮದುವೆಯಾದ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಾಯಲ್ಲಿ ಆಡದ ನಿಮ್ಮ ಹೆಸರನ್ನು ಮೂರು ಸಲ ಕೂಗಿ ‘ಮನೆಗೆ ಬನ್ನಿ’ ಎಂದೆ. ಏಳನೆಯ ತಿಂಗಳ ಹತ್ತು, ನಡುಮಧ್ಯಾಹ್ನ. ನೀವು ಬರೆದ ಅದೇ ದಿನ, ಅದೇ ಹೊತ್ತು.

ಮೇಲಿಂದ ಬಿಟ್ಟ ರೇಷ್ಮೆ ಗಾಳಿಯಲ್ಲಿ ಓಲಾಡಿಕೊಂಡು ಇಳಿಯಬೇಕಲ್ಲವೇ? ಅದು ಕಾಳಿನ ಮೂಟೆಯ ಹಾಗೆ ಧೊಪ್ಪೆಂದು ಬಿತ್ತು. ಕೆಳಗೆ ಬುಟ್ಟಿ ಹಿಡಿದಿದ್ದ ಇಬ್ಬರು ಹೆಂಗಸರೂ ಮುಗ್ಗರಿಸಿದರು. ಪಾಂಗಜ್ಜ ಬಗ್ಗಿ ನೋಡಿ, “ಬಂದವ್ರೆ” ಎಂದರು, ಅಷ್ಟೇ.

ಪೂರ್ವದ ಕೋಣೆಯಲ್ಲಿ ಅಂಗಿಯನ್ನು ಚಾಪೆಯ ಮೇಲೆ ಹಾಸಿದ್ದೇವೆ. ಬದುಕಿದ್ದವರಿಗೆ ಬಡಿಸುವ ಹಾಗೆ ಎರಡು ಹೊತ್ತು ಎಡೆ ಇಡುವುದು ನಿಮಗೆ ಗೊತ್ತಿರುವ ಪದ್ಧತಿಯೇ. ಅಲ್ಲಿಂದ ತಂದ ಗಂಜಿಗೆ ರುಚಿ ಇರುವುದಿಲ್ಲ. ಉಪ್ಪಿನಕಾಯಿ ಕೂಡ ನೀರು ನೀರು.

ನಿಮ್ಮ ಪತ್ರವನ್ನು ಅತ್ತೆಗೆ ಗಟ್ಟಿಯಾಗಿಯೇ ಓದಿದೆ. ಕೇಳಿಸಿಕೊಂಡು ತಲೆ ಬಾಚಿಕೊಳ್ಳುತ್ತಾ ಹೇಳಿದರು: “ಬದ್ಕಿದೀನಿ ಅಂತ ಬರ್ದಿದಾನಾ? ಬರ್ಕೊಳ್ಲಿ ಬಿಡು. ನನ್ನ ಮಗ ಒಳಗೆ ಕೂತು ಉಣ್ತಿದಾನೆ. ಗಂಜಿ ಬಿಸಿ ಇದ್ಯಾ ನೋಡು ಹೋಗು.”

ಏನು ಮಾಡಲಿ, ಬರೆಯಿರಿ.

ಯಾವೊ

*

ಒಂಬತ್ತನೆಯ ತಿಂಗಳು, ಇಪ್ಪತ್ತೆರಡನೆಯ ದಿನ
ಉತ್ತರ ಗಡಿಯ ಶಿಬಿರ

ಯಾವೊ,

ಅಂಗಿಯನ್ನು ಸುಟ್ಟುಹಾಕು. ಇದಕ್ಕೆ ಇಷ್ಟುದ್ದದ ಪತ್ರ ಬೇಕಿರಲಿಲ್ಲ. ವಯಸ್ಸಾದ ಅಮ್ಮ ಏನೋ ಹೇಳಿದಳೆಂದು ನೀನೂ ಕುಣಿಯುತ್ತೀಯಾ?

ಇಲ್ಲಿ ಸುದ್ದಿ ಚೆನ್ನಾಗಿದೆ. ಈ ತಿಂಗಳು ಮೂರು ಕಾಳಗ, ಮೂರೂ ನಮ್ಮವೇ. ನಾನು ಮುಂದೆ ನಿಂತರೂ ಬಾಣ ತಾಗುತ್ತಿಲ್ಲ. ಶತ್ರುಗಳು ನನಗೆ ‘ಸಾಯದವನು’ ಎಂದು ಹೆಸರಿಟ್ಟಿದ್ದಾರಂತೆ. ನನ್ನ ಬಾವುಟ ಕಂಡರೆ ಕುದುರೆ ತಿರುಗಿಸುತ್ತಾರೆ. ಅರಮನೆಯಿಂದ ಹೊಸ ಪದವಿ ಬಂದಿದೆ. ಹುಡುಗರು ನನ್ನ ಮೇಲೆ ಹಾಡು ಕಟ್ಟಿ ಹೇಳುತ್ತಿದ್ದಾರೆ.

ನಿನ್ನೆ ನನ್ನ ಬಲಗೈ ಬಂಟ ಕುವೈ ಮರಳಿನ ಮೇಲೆ ನನ್ನ ಹಿಂದೆಯೇ ನಡೆದು ಬಂದು, “ಧಣಿ, ತಪ್ಪು ತಿಳೀಬೇಡಿ, ನೀವು ನಡೆದಲ್ಲಿ ಹೆಜ್ಜೆ ಮೂಡ್ತಿಲ್ಲ” ಎಂದ. “ಕುಡಿಯೋದು ಕಮ್ಮಿ ಮಾಡೋ” ಎಂದು ಬೈದೆ. ಅವನು ನಗಲಿಲ್ಲ.

ಸುಯಿಗೆ ಬಿದ್ದ ಹಲ್ಲು ಮೇಲಿನದೋ ಕೆಳಗಿನದೋ? ನೀನು ಹಿಂದೆ ಬರೆದಿದ್ದೆ. ನೆನಪಿಗೆ ಬರುತ್ತಿಲ್ಲ. ಅವಳ ಮುಖವೂ ಸರಿಯಾಗಿ ಬರುತ್ತಿಲ್ಲ.

ಸುಟ್ಟ ಮೇಲೆ ತಿಳಿಸು.

ಮರುಭೂಮಿಯನ್ನು ಗೆದ್ದ, ಉತ್ತರ ಗಡಿಯ ಸೇನಾಪತಿ
ಲುವಾನ್ ಝೆನ್

*

ಹತ್ತನೆಯ ತಿಂಗಳು, ಒಂಬತ್ತನೆಯ ದಿನ
ಮನೆಯಿಂದ

ನಿಮಗೆ,

ಸುಡಲಾಗಲಿಲ್ಲ. ಒಲೆಯ ಮುಂದೆ ತಂದು ಮಡಿಕೆ ಬಿಚ್ಚಿದೆ. ಕಂಕುಳಲ್ಲಿ ಬೆವರಿನ ತೇವ ಇತ್ತು. ಅಂಗಿ ಬೆಚ್ಚಗಿತ್ತು. ಸುಯಿ ಓಡಿ ಬಂದು ತೋಳು ಜಗ್ಗಿ, “ಅಮ್ಮ, ಅಪ್ಪಂಗೆ ಉರಿಯುತ್ತೆ! ಅಪ್ಪಂಗೆ ಉರಿಯುತ್ತೆ!” ಎಂದು ಕೂಗಿಕೊಂಡಳು. ನಾನೇ ಕೆಂಡ ತುಳಿದವಳ ಹಾಗೆ ಹಿಂದೆ ಸರಿದೆ. ಅವಳಿಗೆ ಬಿದ್ದದ್ದು ಮೇಲಿನ ಹಲ್ಲು. ಹೊಸದು ಬಂದೂ ಆಯಿತು.

ಪಾಂಗಜ್ಜನ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಜ್ಜ ಎಲಚಿ ಹಣ್ಣು ತಿನ್ನುತ್ತಿದ್ದವರು ಬೀಜ ಉಗಿಯುವುದನ್ನೂ ಮರೆತರು.

“ಬದ್ಕಿರೋರನ್ನ ಕರೆದ್ಬಿಟ್ಯಲ್ಲ ತಾಯಿ. ನಲವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಹಿಂಗಾಗಿರ್ಲಿಲ್ಲ. ಅಂಗಿ ಸುಟ್ರೂ ಅಷ್ಟೆ, ಹೂತ್ರೂ ಅಷ್ಟೆ, ಇಲ್ಲಿರೋರೂ ಹೋಗ್ತಾರೆ, ಅಲ್ಲಿರೋರೂ ಹೋಗ್ತಾರೆ.”

“ಮತ್ತೇನು ಮಾಡ್ಲಿ ಅಜ್ಜಾ?”

“ಆಳನ್ನ ಕರ್ಸು. ನಿಮ್ಮ ಅಂಗಳದಲ್ಲಿ ನಿಂತು, ತನ್ನ ತೋಳನ್ನ ತಾನೇ ಆ ಅಂಗಿಯೊಳಗೆ ತೂರಿಸ್ಲಿ. ಬೇರೆ ದಾರಿ ಇಲ್ಲ.”

ಇನ್ನೊಂದು ತೊಡಕಿದೆ. ಸಾವಿನ ಸುದ್ದಿ ಬಂದ ವಾರದಲ್ಲೇ ನಿಮ್ಮ ಮನೆತನದ ಹಿರಿಯರು ಗುಡ್ಡದ ಬುಡದಲ್ಲಿ ನಿಮಗೆಂದು ಗೋರಿ ತೋಡಿಸಿಬಿಟ್ಟಿದ್ದಾರೆ. ದೇಹದ ಬದಲು ಈ ಅಂಗಿಯನ್ನು ಹೂಳಲು ಹನ್ನೆರಡನೆಯ ತಿಂಗಳ ಇಪ್ಪತ್ತೈದು, ಮಧ್ಯಾಹ್ನ, ಎಂದು ಮುಹೂರ್ತವೂ ಆಗಿದೆ. ತೋಡಿದ ಗೋರಿಯನ್ನು ದಿನ ಮೀರಿಸಿ ಖಾಲಿ ಬಿಟ್ಟರೆ ಅದು ಮನೆಯ ಕಿರಿಯ ಜೀವವನ್ನು ಎಳೆದುಕೊಳ್ಳುತ್ತದೆ ಎನ್ನುವುದು ನಿಮಗೂ ಗೊತ್ತು. ನಮ್ಮ ಮನೆಯಲ್ಲಿ ಕಿರಿಯವಳು ಯಾರು ಎಂದು ನಾನು ಬರೆಯಬೇಕೇ? ನೀವು ಬಂದು ಅಂಗಿ ತೊಟ್ಟು ನಿಂತರೆ ಗೋರಿಗೆ ಒಂದು ಹುಂಜ ಸಾಕು, ಹಿರಿಯರನ್ನು ಒಪ್ಪಿಸಿದ್ದೇನೆ.

ನಾನು ಈವರೆಗೆ ನಿಮ್ಮಲ್ಲಿ ಏನನ್ನೂ ಕೇಳಿದವಳಲ್ಲ. ಹನ್ನೊಂದು ವರ್ಷದಲ್ಲಿ ನೀವು ಈ ಮನೆಯಲ್ಲಿ ಮಲಗಿ ಎದ್ದದ್ದು ಐವತ್ತಮೂರು ದಿನ. ಸುಯಿ ಹುಟ್ಟಿದಾಗ ಇರಲಿಲ್ಲ, ನಡೆದಾಗ ಇರಲಿಲ್ಲ, ಜ್ವರ ಬಂದು ಕಣ್ಣು ಮೇಲೆ ಮಾಡಿದಾಗ ಇರಲಿಲ್ಲ. ಈಗ ಕೇಳುತ್ತಿದ್ದೇನೆ. ಇಪ್ಪತ್ತೈದರ ಒಳಗೆ ಮನೆಗೆ ಬನ್ನಿ. ನನಗೆ ನೀವು ಬೇಕು.

ಯಾವೊ

*

ಹತ್ತನೆಯ ತಿಂಗಳು, ಇಪ್ಪತ್ತೇಳನೆಯ ದಿನ
ಉತ್ತರ ಗಡಿಯ ಶಿಬಿರ

ಯಾವೊ,

ಬರುತ್ತೇನೆ. ರಜೆ ಕೇಳಿದೆ, ಸಿಕ್ಕಿದೆ. ಹನ್ನೊಂದನೆಯ ತಿಂಗಳ ಹತ್ತಕ್ಕೆ ಹೊರಡುತ್ತೇನೆ.

ನೀನು ಬರೆದದ್ದಕ್ಕೆ ಹೆದರಿ ಬರುತ್ತಿಲ್ಲ. ಹೆದರಿಕೆ ಅನ್ನುವುದೇ ನನ್ನಲ್ಲಿ ಉಳಿದಿಲ್ಲ. ಅದಕ್ಕಾಗಿಯೇ ಬರುತ್ತಿದ್ದೇನೆ. ಕುವೈ ಸತ್ತ. ನನ್ನ ಪಕ್ಕದಲ್ಲೇ, ನನಗೆ ಬರಬೇಕಿದ್ದ ಭರ್ಜಿಗೆ. ಹದಿನಾಲ್ಕು ವರ್ಷ ನನ್ನ ಬಟ್ಟಲಲ್ಲೇ ಉಂಡವನು. ಅವನ ಕಣ್ಣು ಮುಚ್ಚಿ ಎದ್ದು, ಸಂಜೆಯ ಮೇವು ಎಷ್ಟು ಹೊರೆ ಉಳಿದಿದೆ ಎಂದು ವಿಚಾರಿಸಿದೆ. ಸೈನಿಕರೆಲ್ಲ ನನ್ನ ಮುಖ ನೋಡಿದರು. ಅಳಬೇಕು ಎಂದು ಗೊತ್ತಾಗುತ್ತಿತ್ತು. ಅಳು ಇರುವ ಜಾಗಕ್ಕೆ ಕೈ ಹಾಕಿದೆ, ಅಲ್ಲಿ ಏನೂ ಇರಲಿಲ್ಲ.

ಅಂಗಿ ಜೋಪಾನ.

ಲುವಾನ್ ಝೆನ್

*

ಹನ್ನೊಂದನೆಯ ತಿಂಗಳು, ಹದಿನಾಲ್ಕನೆಯ ದಿನ
ಮನೆಯಿಂದ, ದಾರಿಯ ಅಂಚೆಮನೆಗೆ

ನಿಮಗೆ,

ಈಗ ಕುದುರೆಯ ಮೇಲಿರುತ್ತೀರಿ. ಇದು ದಾರಿಯಲ್ಲೇ ಕೈಸೇರಲಿ ಎಂದು ಕಳಿಸುತ್ತಿದ್ದೇನೆ. ಎಲ್ಲೂ ತಂಗಬೇಡಿ, ಬೇಗ ಬನ್ನಿ.

ಅಂಗಿಯೊಳಗಿನವರು ಈಗ ಎದ್ದು ಓಡಾಡುತ್ತಾರೆ. ಮೊದಲು ಕೆಮ್ಮು ಕೇಳುತ್ತಿತ್ತು, ಊಟವಾದ ಮೇಲೆ ನೀವು ಕೆಮ್ಮುವ ಹಾಗೆಯೇ ಎರಡು ಸಲ. ಆಮೇಲೆ ತೋಳು ತುಂಬಿತು. ಒಂದು ದಿನ ಹಾಡಹಗಲಲ್ಲಿ ಅಂಗಳದ ಹಿಪ್ಪುನೇರಳೆಯ ಕೆಳಗೆ ಅಂಗಿ ನಿಂತಿತ್ತು, ಕೊರಳಿತ್ತು, ಕಾಲಿರಲಿಲ್ಲ. ಈಗ ಕಾಲೂ ಇದೆ. ಮುಂದಿನ ಸಾಲಿನ ರೇಷ್ಮೆಹುಳು ಗೂಡು ಕಟ್ಟುವುದಕ್ಕೆಂದು, ಮುರಿದಿದ್ದ ಬಿದಿರಿನ ಚಂದ್ರಿಕೆಗಳನ್ನೆಲ್ಲ ಬಿಸಿಲಿಗೆ ಹಾಕಿ ಬಿಗಿದು ಕಟ್ಟಿದ್ದಾರೆ. ಅತ್ತೆಯ ತಲೆ ಬಾಚುತ್ತಾರೆ. ಸುಯಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಳಿ ಅಟ್ಟಿಸುತ್ತಾರೆ. ನಾಯಿ ಮಾತ್ರ ಮೂರು ದಿನ ಹೊರಗೇ ಇತ್ತು. ನಾಲ್ಕನೆಯ ದಿನ ಬಂದು ಅವರ ಕಾಲ ಬಳಿ ಮಲಗಿತು.

ನಿನ್ನೆ ಈ ಪತ್ರಕ್ಕೆಂದು ಮಸಿ ಅರೆಯುತ್ತಿದ್ದೆ. ಪಕ್ಕಕ್ಕೆ ಬಂದು ಕೂತರು.

“ಯಾರಿಗೆ ಬರೀತಿದೀಯ?”

“ನಿಮಗೇ.”

“ನಾನು ಇಲ್ಲೇ ಇದೀನಲ್ಲ.”

“ಅಲ್ಲೂ ಇದೀರಿ.”

“ಅಲ್ಲಿ ಇರೋನು ನಿನ್ನನ್ನ ಯಾವತ್ತಾದ್ರೂ ಕೇಳಿದಾನಾ, ಸುಸ್ತಾಯ್ತಾ ಅಂತ?” ಎಂದರು. ಮಸಿಯ ಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಅರೆದುಕೊಟ್ಟರು. ಬೆರಳು ಬೆಚ್ಚಗಿದ್ದವು.

ಗಂಡನಿಗೆ ಸುಳ್ಳು ಬರೆಯಬಾರದು, ಅದಕ್ಕೆ ಹೇಳುತ್ತೇನೆ. ಅವರು ಏಳುವಾಗ ನಾನೇ ಅಂಗಿಯ ತುದಿ ಹಿಡಿದು, ಇನ್ನೊಂದು ಗಳಿಗೆ ಕೂತ್ಕೊಳ್ಳಿ ಎಂದೆ. ನನಗೆ ಅವರ ಭಯ ಹೋಗಿಬಿಟ್ಟಿದೆ. ಈಗ ಇರುವುದು ನನ್ನದೇ ಭಯ. ನಿಮ್ಮ ದಾರಿ ಕಾಯುತ್ತಿದ್ದೇನೆಯೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ನನ್ನನ್ನೇ ಕೇಳಿಕೊಳ್ಳುತ್ತೇನೆ. ಕಾಯುತ್ತಿದ್ದೇನೆ. ಇವತ್ತಿಗಂತೂ ಕಾಯುತ್ತಿದ್ದೇನೆ.

ಯಾವೊ

*

ಹನ್ನೆರಡನೆಯ ತಿಂಗಳು, ಎರಡನೆಯ ದಿನ
ಹಳದಿ ನದಿಯ ದೋಣಿಗಟ್ಟೆ

ಯಾವೊ,

ಮನೆಗೆ ಎರಡು ದಿನದ ದಾರಿ ಉಳಿದಿತ್ತು. ಆಚೆ ದಡದಲ್ಲಿ ನಮ್ಮೂರಿನ ಗುಡ್ಡ ನೀಲಿಯಾಗಿ ಕಾಣುತ್ತಿದೆ.

ದೋಣಿ ಹತ್ತುವಾಗ ಅರಮನೆಯ ಸವಾರ ಬೆನ್ನಟ್ಟಿ ಬಂದು ಆಜ್ಞೆ ಕೊಟ್ಟ. ಚಕ್ರವರ್ತಿಗಳು ನನ್ನನ್ನು ಮಹಾಸೇನಾಪತಿಯನ್ನಾಗಿ ಮಾಡಿದ್ದಾರೆ. ವಸಂತದಲ್ಲಿ ಒಂದು ಲಕ್ಷ ಸೈನ್ಯದೊಂದಿಗೆ ಉತ್ತರದ ದಂಡಯಾತ್ರೆ. ಕೂಡಲೇ ಹಿಂತಿರುಗಿ ಸೈನ್ಯ ಕೂಡಿಸಬೇಕು. ಮನೆಗೆ ಬಂದು ಹೋಗುವುದೆಂದರೆ ಐದು ದಿನವಾದರೂ ಬೇಕು. ಸವಾರನೇ, “ಮಹಾಸ್ವಾಮಿ, ಐದು ದಿನ ತಾನೇ, ಹೋಗ್ಬನ್ನಿ, ಯಾರಿಗೂ ಹೇಳಲ್ಲ” ಎಂದ. ಯೋಚಿಸಿದೆ. ಐದು ದಿನ ಸೈನ್ಯಕ್ಕೆ ದೊಡ್ಡದು.

ನಿನ್ನ ಪತ್ರ ಅಂಚೆಮನೆಯಲ್ಲಿ ಸಿಕ್ಕಿತು. ಓದಿದ ಗಂಡಸಿಗೆ ಹೊಟ್ಟೆಕಿಚ್ಚಾಗಬೇಕು, ಸಿಟ್ಟು ಬರಬೇಕು. ನನಗೆ ಬರಲಿಲ್ಲ. ಅದು ಬಾರದ್ದಕ್ಕೆ ಬೇಸರವೂ ಆಗಲಿಲ್ಲ.

ಹಿರಿಯರಿಗೆ ಹೇಳಿ ಮುಹೂರ್ತ ಮುಂದಕ್ಕೆ ಹಾಕಿಸು. ಆಗದಿದ್ದರೆ ನಿನಗೆ ತೋಚಿದ್ದು ಮಾಡು. ದಂಡಯಾತ್ರೆ ಮುಗಿದ ಮೇಲೆ ಖಂಡಿತ ಬರುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಮರುಭೂಮಿಯನ್ನು ಗೆದ್ದ, ಗಡಿಗೆ ಶಾಂತಿ ತಂದ, ನಾಲ್ಕು ದಿಕ್ಕಿನ ಮಹಾಸೇನಾಪತಿ
ಲುವಾನ್ ಝೆನ್

*

ಹನ್ನೆರಡನೆಯ ತಿಂಗಳು, ಐದನೆಯ ದಿನ
ಮನೆಯಿಂದ

ಮಹಾಸೇನಾಪತಿಗಳಿಗೆ,

ಅಕ್ಷರ ನೋಡಿ ಗಾಬರಿಯಾಗಬೇಡಿ. ನಮ್ಮಿಬ್ಬರ ಕೈ ಹಿಡಿದು ತಿದ್ದಿಸಿದವಳು ಒಬ್ಬಳೇ ಅಮ್ಮ.

ನಿಮ್ಮ ಪತ್ರ ನಿನ್ನೆ ಬಂತು. ಯಾವೊ ಅಂದು ಬೆಳಿಗ್ಗೆಯೇ ಅಂಗಳ ಬಳಿದು, ಸುಯಿಗೆ ಹೊಸ ಬಟ್ಟೆ ತೊಡಿಸಿ, ಹುಂಜದ ಕಾಲು ಕಟ್ಟಿ ಇಟ್ಟಿದ್ದಳು. ನಿಂತುಕೊಂಡೇ ಓದಿದಳು. ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಳು. ನಿಮ್ಮ ಸಾವಿನ ಸುದ್ದಿ ಬಂದಾಗ ಊರವರ ಮುಂದೆ ಅಳಬೇಕಾದಷ್ಟು ಅತ್ತಿದ್ದಳಂತೆ. ನಿನ್ನೆಯದು ಬೇರೆ. ಸೂರ್ಯ ಇಳಿಯುವ ಹೊತ್ತಿಗೆ ಹೊರಗೆ ಬಂದು ಹುಂಜದ ಕಟ್ಟು ಬಿಚ್ಚಿದಳು. “ನೀವೇ ಬರೀರಿ. ನಂಗೆ ಅವರಿಗೆ ಬರೆಯೋಕೆ ಏನೂ ಉಳಿದಿಲ್ಲ” ಎಂದು ಮಸಿಕಲ್ಲು ತಂದು ನನ್ನ ಮುಂದೆ ಇಟ್ಟಳು.

ಮುಹೂರ್ತ ಮುಂದಕ್ಕೆ ಹಾಕಲು ಹಿರಿಯರು ಒಪ್ಪಲಿಲ್ಲ. ಗೋರಿ ಖಾಲಿ ಬಿಡುವಂತಿಲ್ಲ, ಸುಯಿ ಇದ್ದಾಳೆ. ಅಂಗಿ ಹೂಳುವಂತಿಲ್ಲ; ಅದರಲ್ಲಿ ನಾನಿದ್ದೇನೆ. ಯಾವೊ ಪಾಂಗಜ್ಜನನ್ನು ಕರೆಸಿ ಕೇಳಿದಳು: “ಅಜ್ಜಾ, ಅಲ್ಲಿರೋರದ್ದು ಅಂತ ಈ ಮನೇಲಿ ಬೇರೆ ಏನಿದೆ?” ಅಜ್ಜ ಮನೆಯೆಲ್ಲ ಹುಡುಕಿದರು. ಹಾಸಿಗೆ, ಬಟ್ಟಲು, ಕೆರ, ಎಲ್ಲದರಲ್ಲೂ ಈಗ ನನ್ನ ಬಿಸುಪೇ ಇದೆಯಂತೆ. ನಿಮ್ಮದೆಂದು ಸಿಕ್ಕಿದ್ದು ಒಂದೇ. ಹನ್ನೊಂದು ವರ್ಷದಲ್ಲಿ ನೀವು ಬರೆದ ಪತ್ರಗಳು, ಅರವತ್ತೆರಡು. “ಇದನ್ನ ಹೂತ್ರೆ ಬರೆದೋರು ಮಾತ್ರ ಹೋಗ್ತಾರೆ” ಎಂದರು ಅಜ್ಜ. ಯಾವೊ ಒಂದೊಂದನ್ನೂ ಒರೆಸಿ, ತಾರೀಖಿನ ಪ್ರಕಾರ ಜೋಡಿಸಿ, ಪೆಟ್ಟಿಗೆಗೆ ತುಂಬಿದಳು. ದೋಣಿಗಟ್ಟೆಯದು ಎಲ್ಲಕ್ಕಿಂತ ಮೇಲಿದೆ.

ಅವಳ ಮೇಲೆ ಸಿಟ್ಟಾಗಬೇಡಿ. ಆಗುವುದೂ ಇಲ್ಲ, ಸಿಟ್ಟು ನನ್ನ ಹತ್ತಿರ ಇದೆ. ನಿಮ್ಮ ಭಯವೂ, ಕುವೈಗಾಗಿ ನೀವು ಅಳಬೇಕಿದ್ದ ಅಳುವೂ ಇಲ್ಲೇ ಇವೆ. ಅವನು ಸತ್ತ ದಿನ ಯಾಕೆಂದು ತಿಳಿಯದೆ ಹಿಪ್ಪುನೇರಳೆಯ ಕೆಳಗೆ ಕೂತು ಸಂಜೆಯವರೆಗೆ ಅತ್ತೆ. ಅಮ್ಮ ಬೆನ್ನು ಸವರುತ್ತಿದ್ದಳು.

ಇನ್ನೂ ಇಪ್ಪತ್ತು ದಿನ ಇದೆ. ಕುದುರೆ ತಿರುಗಿಸಿದರೆ ನಾನೇ ಬಾಗಿಲು ತೆರೆದು ಅಂಗಿ ಬಿಚ್ಚಿಕೊಡುತ್ತೇನೆ. ಯಾವೊಗೂ ಹೀಗೆಂದೆ. “ತಿರುಗಲ್ಲ ಬಿಡಿ” ಎಂದಳು. ನನಗೂ ಗೊತ್ತು. ನಿಮ್ಮನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅವಳು ಉತ್ತರಕ್ಕೆ ನಿಂತು ಕೂಗಿದಾಗ ಆ ಕುದುರೆಯ ಮೇಲೆ ನಾವಿಬ್ಬರೂ ಇದ್ದೆವು. ನಾನು ಇಳಿದು ಬಂದೆ.

ಇಪ್ಪತ್ತೈದರ ಮಧ್ಯಾಹ್ನ ಎಲ್ಲೇ ಇದ್ದರೂ ಕುದುರೆಯಿಂದ ಇಳಿದು ನೆಲದ ಮೇಲೆ ಕೂತಿರಿ. ಮೇಲಿಂದ ಬಿದ್ದರೆ ಪ್ರಾಣಿ ಬೆದರುತ್ತದೆ.

ಸುಯಿಯ ಅಪ್ಪ
ಲುವಾನ್ ಝೆನ್